ಶುಲ್ಕ ಕಡಿಮೆ ಅಂತ ಹರಿಹರದಲ್ಲಿ ಸೈಟ್ ತಗೋಬೇಡಿ
30x40 ಸೈಟಿಗೆ ದಾವಣಗೆರೆಗಿಂತ ಹರಿಹರದಲ್ಲಿ ಪ್ಲಾನ್ ಲೈಸೆನ್ಸ್ (ಮನೆ ಕಟ್ಟೋ ಪರವಾನಗಿ) ಅಗ್ಗವಾ, ರೂಲ್ಸ್ ಸಡಿಲವಾ ಅಂತ ಕೇಳಿದೀರಿ. ರೂಲ್ಸ್ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಹುಡುಕಬೇಡಿ ಸರ್. ಎರಡೂ ಊರು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ, ಅಂದ್ರೆ ನಮ್ಮ ದೂಡಾದ ವ್ಯಾಪ್ತಿಯಲ್ಲೇ ಬರ್ತವೆ. ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಜಾಗ), ಎತ್ತರ ಎಲ್ಲಾ ಮಾಸ್ಟರ್ ಪ್ಲಾನ್ ನೋಡಿಯೇ ತೀರ್ಮಾನ.

ಲೈಸೆನ್ಸ್ ಕೊಡೋರು ಮಾತ್ರ ಬೇರೆ. ದಾವಣಗೆರೆಯಲ್ಲಿ ಮಹಾನಗರ ಪಾಲಿಕೆ, 1976ರ ಕಾಯ್ದೆ. ಹರಿಹರದಲ್ಲಿ ನಗರಸಭೆ, 1964ರ ಪುರಸಭೆಗಳ ಕಾಯ್ದೆ. ಹಾಗಾಗಿ ಲೈಸೆನ್ಸ್ ಫೀಸು, ರಸ್ತೆ ಅಗೆತ, ನಲ್ಲಿ, ಯುಜಿಡಿ (ಒಳಚರಂಡಿ) ಸಂಪರ್ಕದ ದರ ಎರಡೂ ಕಡೆ ಬೇರೆ ಬೇರೆಯಾಗಿಯೇ ಕೇಳ್ಕೊಳ್ಳಿ. ಕಟ್ಟಡ ಕಾರ್ಮಿಕರ ಸೆಸ್ ಕೇಂದ್ರದ ಕಾನೂನಿನದು, ಕಟ್ಟೋ ವೆಚ್ಚದ ಶೇ. 1. 60 ಲಕ್ಷದ ಮನೆಗೆ 60 ಸಾವಿರ, ಊರು ಯಾವುದಾದ್ರೂ ಅಷ್ಟೇ.

ನಿಜವಾದ ಪೆಟ್ಟು ಬೀಳೋದು ಸೈಟಿನ ಕಾಗದದಲ್ಲಿ. ದೂಡಾ ಅನುಮೋದಿತ ಲೇಔಟ್ ಆಗಿದ್ದು, ಇ-ಖಾತಾ (ಸ್ಥಳೀಯ ಸಂಸ್ಥೆಯ ಆನ್‌ಲೈನ್ ಆಸ್ತಿ ದಾಖಲೆ) ನಿಮಗೆ ಮಾರೋರ ಹೆಸರಲ್ಲೇ ಇದ್ರೆ ಧೈರ್ಯವಾಗಿ ಮುಂದುವರೀರಿ. ರೆವಿನ್ಯೂ ಸೈಟ್, ಅಂದ್ರೆ ಲೇಔಟ್ ಅನುಮೋದನೆ ಇಲ್ಲದೆ ಜಮೀನು ತುಂಡು ಮಾಡಿ ಮಾರಿದ್ದು ಆದ್ರೆ ಫೀಸಲ್ಲಿ ಉಳಿಸೋ ನಾಲ್ಕು ಕಾಸು ಯಾವ ಲೆಕ್ಕಕ್ಕೂ ಇಲ್ಲ. ಅಂಥ ಸೈಟಿಗೆ ಪ್ಲಾನ್ ಮಂಜೂರಾಗೋದೇ ಕಷ್ಟ, ಪ್ಲಾನ್ ಇಲ್ಲದೆ ಬ್ಯಾಂಕ್ ಸಾಲಕ್ಕೂ ತೊಂದರೆ. ದಯವಿಟ್ಟು ಅಡ್ವಾನ್ಸ್ ಕೊಡೋ ಮೊದಲೇ ಲೇಔಟ್ ನಕ್ಷೆ ಹಿಡಕೊಂಡು ದೂಡಾ ಕಚೇರಿಗೆ ಹೋಗಿ ಬನ್ನಿ.