ಐಸಿ ಬದಲಿಸಿದರೂ ಡಿಸ್ಟಾರ್ಷನ್ ಅಷ್ಟೇ ತೋರಿಸುತ್ತಿದೆ, ಯಾಕೆ?

ಪ್ರಶ್ನೆ: ದಾವಣಗೆರೆಯಲ್ಲಿ ಸೌಂಡ್ ಸಿಸ್ಟಂ ರಿಪೇರಿ ಅಂಗಡಿ ಇಟ್ಟಿದ್ದೇನೆ. ಜಾತ್ರೆ, ಮದುವೆಗೆ ಬಾಡಿಗೆ ಹೋಗುವ ಮಿಕ್ಸರ್‌ಗಳೇ ಜಾಸ್ತಿ ಬರುತ್ತವೆ. ಅವುಗಳಲ್ಲಿರುವ 4558 ಐಸಿ (ಒಳಗೆ ಎರಡು ಆಂಪ್ಲಿಫೈಯರ್ ಇರುವ ಆಪ್-ಆಂಪ್ ಚಿಪ್) ತೆಗೆದು 5532 ಹಾಕಿದರೆ ಸೌಂಡ್ ಕ್ಲಿಯರ್ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಾಕೆಟ್ ಇರುವ ಚಿಕ್ಕ ಬೋರ್ಡ್‌ನಲ್ಲಿ ಎರಡನ್ನೂ ಕೂರಿಸಿ, ಯುಎಸ್‌ಬಿ ಸೌಂಡ್ ಕಾರ್ಡ್‌ನಿಂದ 1 ಕಿಲೋಹರ್ಟ್ಸ್ ಟೋನ್ ಕೊಟ್ಟು ಲ್ಯಾಪ್‌ಟಾಪ್‌ನಲ್ಲಿ ಅಳೆದೆ. ಎರಡಕ್ಕೂ ಡಿಸ್ಟಾರ್ಷನ್ (ಮೂಲ ಸಿಗ್ನಲ್ ಕೆಡುವ ಪ್ರಮಾಣ) 0.006% ಬಂತು. ಐಸಿ ಡೂಪ್ಲಿಕೇಟ್ ಇರಬಹುದಾ? ಅಥವಾ ನಾನು ಅಳೆಯುವ ರೀತಿಯೇ ಸರಿ ಇಲ್ಲವಾ?

ಉತ್ತರ: ಅಳೆದು ನೋಡಬೇಕು ಅನ್ನಿಸಿತಲ್ಲ, ಅದೇ ದೊಡ್ಡದು. ಇನ್ನು ಐಸಿ ಮೇಲೆ ಅನುಮಾನ ಪಡುವ ಮೊದಲು ಒಂದು ಕೆಲಸ ಮಾಡಿ. ಬೋರ್ಡನ್ನು ಪಕ್ಕಕ್ಕಿಟ್ಟು, ಸೌಂಡ್ ಕಾರ್ಡ್‌ನ ಔಟ್‌ಪುಟ್‌ನಿಂದ ಅದರದೇ ಲೈನ್ ಇನ್‌ಪುಟ್‌ಗೆ ನೇರ ಒಂದು ವೈರ್ ಹಾಕಿ ಅಳೆಯಿರಿ. ಆಗಲೂ 0.006% ಹತ್ತಿರವೇ ಬಂದರೆ, ನೀವು ಇಷ್ಟು ಹೊತ್ತು ನೋಡಿದ್ದು ಸೌಂಡ್ ಕಾರ್ಡ್‌ನ ಡಿಸ್ಟಾರ್ಷನ್. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ತೂಗುವ ತಕ್ಕಡಿಗೆ ಮೂಗುಬೊಟ್ಟು ಇಟ್ಟ ಹಾಗೆ. ಮುಳ್ಳು ಅಲ್ಲಾಡುವುದೇ ಇಲ್ಲ.

ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಅನಲೈಸರ್ ಬೇಕಿಲ್ಲ. 10 ಓಮ್‌ನ ಒಂದು ರೆಸಿಸ್ಟರ್ ಸಾಕು. ಐಸಿ ಕಂಪನಿಗಳ ಡೇಟಾಶೀಟ್‌ಗಳಲ್ಲೇ ಈ ಉಪಾಯ ಇದೆ. ಐಸಿ ಮಾಡುವ ಡಿಸ್ಟಾರ್ಷನ್ನನ್ನು ಮಾತ್ರ ನೂರು ಪಟ್ಟು ದೊಡ್ಡದು ಮಾಡಿ, ಸಿಗ್ನಲ್ಲನ್ನು ಇದ್ದ ಹಾಗೇ ಬಿಡುವುದು.

ಹೀಗೆ ಕಟ್ಟಿ. ಐಸಿಯ ಮೊದಲ ಅರ್ಧವನ್ನು ಸುಮ್ನೆ ಬಫರ್ (ಸಿಗ್ನಲ್ಲನ್ನು ಇದ್ದ ಹಾಗೇ ದಾಟಿಸುವ ಹಂತ) ಮಾಡಿ: ಪಿನ್ 1 ಮತ್ತು 2 ಒಟ್ಟಿಗೆ, ಸಿಗ್ನಲ್ ಪಿನ್ 3ಕ್ಕೆ, ಪಿನ್ 3ರಿಂದ ಗ್ರೌಂಡ್‌ಗೆ 22ಕೆ. ಪಿನ್ 1ರಿಂದ ಪಿನ್ 5ಕ್ಕೆ ನೇರ ವೈರ್. ಪಿನ್ 7ರಿಂದ ಪಿನ್ 6ಕ್ಕೆ 1ಕೆ. ಈಗ ಪಿನ್ 5 ಮತ್ತು 6ರ ನಡುವೆ ಆ 10 ಓಮ್. ಔಟ್‌ಪುಟ್ ಪಿನ್ 7ರಲ್ಲಿ. ಪಿನ್ 4 ಮತ್ತು 8ರಿಂದ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್ ಮರೆಯಬೇಡಿ.

ಸಿಗ್ನಲ್‌ಗೆ ಗೇನ್ ಒಂದೇ. ಆದರೆ ಎರಡನೇ ಅರ್ಧ ತಾನು ಮಾಡುವ ತಪ್ಪನ್ನು ಫೀಡ್‌ಬ್ಯಾಕ್‌ನಿಂದ ತಿದ್ದಿಕೊಳ್ಳಬೇಕಲ್ಲ, ಆ ಶಕ್ತಿಯನ್ನು 10 ಓಮ್ ಕಸಿದುಕೊಳ್ಳುತ್ತದೆ. 1000ವನ್ನು 10ರಿಂದ ಭಾಗಿಸಿ ಒಂದು ಕೂಡಿಸಿದರೆ 101. ಡಿಸ್ಟಾರ್ಷನ್, ನಾಯ್ಸ್ ಎರಡೂ 101 ಪಟ್ಟು ಕಾಣುತ್ತವೆ. ಸ್ಕ್ರೀನ್ ಮೇಲೆ 0.05% ಬಂದರೆ ನಿಜವಾದದ್ದು ಸುಮಾರು 0.0005%. ಮೊದಲ ಅರ್ಧವನ್ನು ಬಿಟ್ಟು ಸೌಂಡ್ ಕಾರ್ಡನ್ನು ನೇರ ಪಿನ್ 5ಕ್ಕೆ ಕೊಡಬೇಡಿ. ಕಾರ್ಡ್‌ನ ಔಟ್‌ಪುಟ್ ರೆಸಿಸ್ಟೆನ್ಸ್ 100 ಓಮ್ ಇದ್ದರೆ ಅದು 1000ಕ್ಕೆ ಸೇರಿ 1100 ಆಗುತ್ತದೆ. 101 ಹೋಗಿ 111 ಪಟ್ಟು ಆಗುತ್ತದೆ, ಲೆಕ್ಕ ತಪ್ಪುತ್ತದೆ.

ಟೋನ್ 1 ಕಿಲೋಹರ್ಟ್ಸ್‌ನಲ್ಲೇ ಇರಲಿ. ಈ ರೆಸಿಸ್ಟರ್ ಹಾಕಿದಾಗ ಐಸಿಯ ಬ್ಯಾಂಡ್‌ವಿಡ್ತ್ (ಅದು ಸರಿಯಾಗಿ ದಾಟಿಸಬಲ್ಲ ಫ್ರೀಕ್ವೆನ್ಸಿಯ ಮಿತಿ) ಕೂಡ ನೂರರಲ್ಲಿ ಒಂದಕ್ಕೆ ಇಳಿಯುತ್ತದೆ. 5532ಕ್ಕೆ 100 ಕಿಲೋಹರ್ಟ್ಸ್ ಉಳಿದರೆ, 4558ಕ್ಕೆ 30ರ ಆಸುಪಾಸು. 10 ಕಿಲೋಹರ್ಟ್ಸ್ ಕೊಟ್ಟರೆ 4558ರ ಮೂರನೇ ಹಾರ್ಮೋನಿಕ್ (ಟೋನ್‌ನ ಮೂರು ಪಟ್ಟು, ಅಂದರೆ 30 ಕಿಲೋಹರ್ಟ್ಸ್) ಅಲ್ಲೇ ಕುಗ್ಗಿ, ಅದೇ ಒಳ್ಳೆಯ ಐಸಿ ಅನ್ನಿಸಿಬಿಡುತ್ತದೆ.

ಶೇಕಡಾ ಅಂಕಿಯೊಂದನ್ನೇ ನಂಬಬೇಡಿ, ಗ್ರಾಫ್ ನೋಡಿ. ಇದನ್ನು ಒತ್ತಿ ಹೇಳುತ್ತೇನೆ. ಸಾಫ್ಟ್‌ವೇರ್‌ನಲ್ಲಿ ಟಿಎಚ್‌ಡಿ ಬೇರೆ, ಟಿಎಚ್‌ಡಿ ಪ್ಲಸ್ ಎನ್ ಬೇರೆ. ಮೊದಲನೆಯದು ಹಾರ್ಮೋನಿಕ್‌ಗಳ ಡಿಸ್ಟಾರ್ಷನ್ ಮಾತ್ರ, ಎರಡನೆಯದರಲ್ಲಿ ನಾಯ್ಸ್, ಹಮ್ ಎಲ್ಲ ಸೇರಿರುತ್ತದೆ. ನಿಮಗೆ ಬೇಕಾದದ್ದು 2000, 3000, 4000 ಹರ್ಟ್ಸ್‌ನಲ್ಲಿ ಏಳುವ ಗೆರೆಗಳು. 50, 100, 150ರಲ್ಲಿ ಏಳುವುದು ಕರೆಂಟಿನ ಹಮ್, ಐಸಿಗೆ ಸಂಬಂಧ ಇಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಎಷ್ಟೋ ಸಲ ಅರ್ಧ ಕಾಡು ಅಲ್ಲೇ ಬಯಲಾಗುತ್ತದೆ.

ಆಮೇಲೆ ಔಟ್‌ಪುಟ್‌ಗೆ ಲೋಡ್ ಹಾಕಿ. ಮೊದಲು 10ಕೆ, ನಂತರ 600 ಓಮ್. ನನಗೆ ಕೇಳಿದರೆ ನಿಜವಾದ ಪರೀಕ್ಷೆ ಇದೇ. ಹಗುರ ಲೋಡ್‌ನಲ್ಲಿ ಎರಡೂ ಐಸಿ ಚೆನ್ನಾಗಿಯೇ ಇರುತ್ತವೆ. 600 ಓಮ್‌ಗೆ 4558 ಏದುಸಿರು ಬಿಡುತ್ತದೆ. 5532 ಮಾಡಿರುವುದೇ ಅಂಥ ಲೋಡ್ ಎಳೆಯುವುದಕ್ಕೆ. ಅಳೆದದ್ದನ್ನು ಬರೆದಿಡುವಾಗ ಎಷ್ಟು ವೋಲ್ಟ್, ಯಾವ ಲೋಡ್ ಎಂಬುದನ್ನೂ ಬರೆಯಿರಿ. ಅದಿಲ್ಲದ ಅಂಕಿಗೆ ಅರ್ಥವಿಲ್ಲ.

ಇನ್ನು ಡೂಪ್ಲಿಕೇಟ್ ವಿಚಾರ. ಇದಕ್ಕೆ ಡಿಸ್ಟಾರ್ಷನ್ ಅಳೆಯುವುದೇ ಬೇಡ, ಮಲ್ಟಿಮೀಟರ್ ಸಾಕು. 5532ರ ಒಳಗೆ ಎರಡು ಇನ್‌ಪುಟ್‌ಗಳ ನಡುವೆ ಎದುರುಬದುರಾಗಿ ಎರಡು ಡಯೋಡ್ ಇರುತ್ತವೆ. ಐಸಿಯನ್ನು ಸಾಕೆಟ್‌ನಿಂದ ತೆಗೆದು, ಡಯೋಡ್ ಮೋಡ್‌ನಲ್ಲಿ ಪಿನ್ 2 ಮತ್ತು 3ಕ್ಕೆ ಪ್ರೋಬ್ ಇಡಿ. ಪ್ರೋಬ್ ಅದಲುಬದಲು ಮಾಡಿದರೂ 0.6–0.7 ವೋಲ್ಟ್ ತೋರಿಸಬೇಕು. 4558ರಲ್ಲಿ ಈ ಡಯೋಡ್ ಇಲ್ಲ. ಹಾಗೇ ಸಪ್ಲೈ ಕರೆಂಟ್ ನೋಡಿ. ಪ್ಲಸ್ ಮೈನಸ್ 15 ವೋಲ್ಟ್‌ನಲ್ಲಿ, ಲೋಡ್ ಇಲ್ಲದೆ, ಅಸಲಿ 5532 ಸುಮಾರು 8 ಮಿಲಿಆಂಪ್ ಎಳೆಯುತ್ತದೆ. ಎರಡು ಮೂರು ಮಿಲಿಆಂಪ್ ಅಷ್ಟೇ ಇದ್ದರೆ ಮೇಲಿನ ಹೆಸರು ನಂಬಬೇಡಿ.

ಹಾಗಾದರೆ ಬದಲಿಸಬೇಕಾ? ದುಗ್ಗಮ್ಮನ ಜಾತ್ರೆಯಲ್ಲಿ ಜೋರಾಗಿ ಹಾಡುವ ಸ್ಪೀಕರ್‌ನ ಡಿಸ್ಟಾರ್ಷನ್ ಶೇಕಡಾ ಒಂದು ದಾಟುವುದು ಮಾಮೂಲಿ. ಅದರ ಮುಂದೆ ಈ ಎರಡು ಐಸಿಗಳ ವ್ಯತ್ಯಾಸ ಯಾವ ಕಿವಿಗೂ ಸಿಗುವುದಿಲ್ಲ. ಮೈಕ್ ಬರುವ ಮೊದಲ ಹಂತದಲ್ಲಿ ನಾಯ್ಸ್ ಕಮ್ಮಿ ಮಾಡಲು, ಉದ್ದ ಕೇಬಲ್ ಎಳೆಯುವ ಕೊನೆಯ ಹಂತದಲ್ಲಿ ಲೋಡ್ ತಡೆಯಲು 5532 ಹಾಕಿ. ನಡುವಿನವನ್ನು ಹಾಗೇ ಬಿಡಿ. ಅಷ್ಟೂ ಬದಲಿಸಿದರೆ ಹನ್ನೆರಡು ಐಸಿಗೆ 100 ಮಿಲಿಆಂಪ್ ಹತ್ತಿರ ಬೇಕಾಗುತ್ತದೆ. ಚಿಕ್ಕ ಮಿಕ್ಸರ್‌ನ ಟ್ರಾನ್ಸ್‌ಫಾರ್ಮರ್ ಅಷ್ಟು ಕೊಡುತ್ತದಾ, 7815, 7915 ರೆಗ್ಯುಲೇಟರ್‌ಗಳು ಎಷ್ಟು ಬಿಸಿ ಆಗುತ್ತವೆ ಎಂದು ಅರ್ಧ ಗಂಟೆ ಓಡಿಸಿ ನೋಡಿಯೇ ಗಿರಾಕಿಗೆ ಕೊಡಿ.