ಮರುದಿನ ಏನಾಗುತ್ತದೆ ಎಂದು ನಾನು ಕೇಳಿರಲಿಲ್ಲ

(ಗುರುತು ಸಿಗಬಾರದೆಂದು ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಶೈಲಾ ಎಂದಿಟ್ಟುಕೊಳ್ಳೋಣ. ವಯಸ್ಸು 41, ಹಾವೇರಿ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. 2023ರ ಫೆಬ್ರವರಿಯಲ್ಲಿ ಗಂಡನ ಜೊತೆ ಹುಬ್ಬಳ್ಳಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದರು. ಮೆಟ್ಟಿಲು ಇರುವುದು ಹನ್ನೆರಡೇ. ಹತ್ತಿ ಬಂದು ಕೂತವರು ಐದು ನಿಮಿಷ ಮಾತಾಡಲಿಲ್ಲ. ಗಂಡನೇ ಶುರು ಮಾಡಿದರು: "ಎಲ್ಲಾ ರಿಪೋರ್ಟ್ ನಾರ್ಮಲ್ ಅಂದಾರ್ರೀ ಮೇಡಂ. ಟೆನ್ಶನ್ ಇರಬೇಕು, ಕೌನ್ಸೆಲಿಂಗ್ ಮಾಡಿಸ್ರಿ ಅಂದ್ರು."

2022ರ ಜನವರಿಯ ಮೂರನೇ ಅಲೆಯಲ್ಲಿ ಶೈಲಾಗೆ ಕೋವಿಡ್ ಬಂದಿತ್ತು. ನಾಲ್ಕು ದಿನ ಜ್ವರ, ಏಳು ದಿನ ಮನೆಯ ಒಳಕೋಣೆ. ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ, ಆಕ್ಸಿಜನ್ ಒಮ್ಮೆಯೂ ಇಳಿಯಲಿಲ್ಲ. ಅಷ್ಟು ಹಗುರಾಗಿ ಹೋದ ಕಾಯಿಲೆ ಹದಿಮೂರು ತಿಂಗಳು ಕಾಡೀತು, ದೀರ್ಘ ಕೋವಿಡ್ ಆದೀತು ಎಂದು ಯಾರಿಗೂ ಅನ್ನಿಸಿರಲಿಲ್ಲ. ನನಗೂ ಅನ್ನಿಸಲಿಲ್ಲ.

ಮೊದಲ ಭೇಟಿಯಲ್ಲಿ ನಾನು ಮಾಡಿದ್ದು ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ. 27ಕ್ಕೆ 14 ಅಂಕ ಬಂತು. ಅಂದರೆ ಮಧ್ಯಮ ಖಿನ್ನತೆ. ದಿನಾ ಬೆಳಿಗ್ಗೆ ಅರ್ಧ ತಾಸು ನಡೆಯಿರಿ, ಬಿಟ್ಟ ಕೆಲಸಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳಿ ಎಂದು ಹೇಳಿ ಕಳಿಸಿದೆ. ಖಿನ್ನತೆಗೆ ಒಳ್ಳೆಯ ಸಲಹೆಯೇ. ಶೈಲಾ ಶಿಸ್ತಿನ ಹೆಂಗಸು, ನಾಲ್ಕು ದಿನ ನಡೆದರು. ಐದನೆಯ ದಿನ ಹಾಸಿಗೆ ಹಿಡಿದವರು ಒಂಬತ್ತು ದಿನ ಶಾಲೆಗೆ ಹೋಗಲಿಲ್ಲ.

ಫೋನಿನಲ್ಲಿ ಅದನ್ನು ಕೇಳಿ, ಫೈಲು ತೆಗೆದು ಆ 14ನ್ನು ಬಿಡಿಸಿ ನೋಡಿದೆ. ನಿದ್ದೆಗೆ 3, ದಣಿವಿಗೆ 3, ಏಕಾಗ್ರತೆಗೆ 3, ಹಸಿವಿಗೆ 1. ಹತ್ತು ಅಂಕ ಇಲ್ಲೇ ಮುಗಿಯಿತು, ಇವೆಲ್ಲ ಮೈಯಿಂದಲೂ ಬರಬಹುದಾದವು. ಬೇಸರಕ್ಕೆ ಬಿದ್ದದ್ದು ಒಂದೇ ಅಂಕ. 'ಯಾವುದರಲ್ಲೂ ಆಸಕ್ತಿ ಇಲ್ಲ' ಎಂಬುದಕ್ಕೆ 2 ಹಾಕಿದ್ದರು. ಎರಡನೇ ಭೇಟಿಯಲ್ಲಿ ಅದನ್ನೇ ಹಿಡಿದು ಕೇಳಿದೆ. "ಆಸಕ್ತಿ ಇಲ್ಲ ಅಂತಲ್ಲ ಮೇಡಂ. ಮಾಡಬೇಕು ಅಂತ ಭಾಳ ಅನಸ್ತೈತಿ. ಮಾಡಿದ್ರ ಎರಡ ದಿನ ಬೀಳ್ತೀನಿ. ಅದಕ್ಕ ಆಸೆ ಪಡೂದs ಬಿಟ್ಟೀನಿ" ಎಂದರು. ಖಿನ್ನತೆ ಇರುವವರು ಸಾಮಾನ್ಯವಾಗಿ ಹೀಗೆ ಹೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲೇ ದೀರ್ಘ ಕೋವಿಡ್‌ಗೊಂದು ವ್ಯಾಖ್ಯೆ ಕೊಟ್ಟಿತ್ತು: ಸೋಂಕು ತಗುಲಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳು ಎಳೆದ, ಬೇರೆ ಕಾಯಿಲೆಯಿಂದ ವಿವರಿಸಲಾಗದ ಲಕ್ಷಣಗಳು. ಸುಸ್ತು, ಏದುಸಿರು, ಮಂಕು ಕವಿದ ಬುದ್ಧಿ ಅದರಲ್ಲಿ ಮುಖ್ಯವಾದವು. 'ಬೇರೆ ಕಾಯಿಲೆಯಿಂದಲ್ಲ' ಎಂದು ಹೇಳಬೇಕಾದವರು ವೈದ್ಯರು, ನಾನಲ್ಲ. ಹಾಗಾಗಿ ಮೊದಲು ಒಬ್ಬ ಫಿಜಿಶಿಯನ್ ಹತ್ತಿರ ಕಳಿಸಿದೆ. ಥೈರಾಯ್ಡ್, ಶುಗರ್, ಬಿ12, ಇಸಿಜಿ ಸರಿಯಿದ್ದವು. ಆದರೆ ಅವರು ಶೈಲಾರನ್ನು ಮಲಗಿಸಿ, ಆಮೇಲೆ ಹತ್ತು ನಿಮಿಷ ಗೋಡೆಗೆ ಒರಗಿಸಿ ನಿಲ್ಲಿಸಿ ನಾಡಿ ಎಣಿಸಿದರು. ಮಲಗಿದಾಗ 76, ನಿಂತಾಗ 112. ಬಿಪಿ ಇಳಿದಿರಲಿಲ್ಲ. ದೊಡ್ಡವರಲ್ಲಿ ಹೀಗೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ನಿಂತರೆ ಅದನ್ನು ಪಾಟ್ಸ್ (ಎದ್ದು ನಿಂತರೆ ನಾಡಿ ವಿಪರೀತ ಏರುವ ತೊಂದರೆ) ಎಂದು ಅನುಮಾನಿಸುತ್ತಾರೆ. ಬೋರ್ಡಿನ ಮುಂದೆ ಕೈ ಎತ್ತಿ ಬರೆಯುವಾಗ ಎದೆ ಹೊಡೆದುಕೊಳ್ಳುತ್ತದೆ ಎಂದು ಆಕೆ ವರ್ಷದಿಂದ ಹೇಳುತ್ತಿದ್ದರು. ನಿಲ್ಲಿಸಿ ಎಣಿಸಿದವರು ಇರಲಿಲ್ಲ, ಅಷ್ಟೇ.

ಇನ್ನು ನನ್ನ ಪಾಲಿನ ಅಳತೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ರೂಪಿಸಿದ ಸಿ19-ವೈಆರ್‌ಎಸ್ ಎಂಬ, ದೀರ್ಘ ಕೋವಿಡ್ ಅಳೆಯುವ ಮಾಪನವಿದೆ. ಅದರ ಪರಿಷ್ಕೃತ ರೂಪದಲ್ಲಿ ಪ್ರತಿ ಲಕ್ಷಣಕ್ಕೂ 0ರಿಂದ 3, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ನನಗೆ ಹಿಡಿಸಿದ್ದು ಅದು 'ಕೋವಿಡ್‌ಗೆ ಮುಂಚೆ ಹೇಗಿತ್ತು' ಎಂದೂ ಕೇಳುವ ರೀತಿ. ಕೆಲಸ ಮಾಡುವ ಸಾಮರ್ಥ್ಯದ ಐದು ಪ್ರಶ್ನೆಗಳಿಗೆ ಒಟ್ಟು 15 ಅಂಕ: ಮಾತು, ನಡಿಗೆ, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ಜನರೊಡನೆ ಬಾಳುವೆ. ಶೈಲಾಗೆ ಮುಂಚೆ 0, ಈಗ 8. ನಾನು ಬಾಯಲ್ಲೇ ಕನ್ನಡ ಮಾಡಿ ಕೇಳಿದ್ದು, ಆದ್ದರಿಂದ ಈ ಎಂಟನ್ನು ಬೇರೆಯವರ ಎಂಟಿನ ಪಕ್ಕ ಇಡುವಂತಿಲ್ಲ. ಆಕೆಯನ್ನು ಆಕೆಯ ಜೊತೆಗೇ ತೂಗಿ ನೋಡಲು ಸಾಕು.

ಅದೂ ಮೊದಲು ಬಂದದ್ದು 6. ಸ್ನಾನಕ್ಕೆ ತೊಂದರೆ ಇದೆಯಾ ಎಂದರೆ "ಏನೂ ಇಲ್ಲರಿ" ಎಂದರು. ಸೊನ್ನೆ ಹಾಕಿ ಮುಂದೆ ಹೋಗುತ್ತಿದ್ದೆ, ಯಾಕೋ ಪೆನ್ನು ನಿಂತಿತು. ತಲೆಗೆ ಎರೆದುಕೊಳ್ಳುವುದು ಯಾವಾಗ? ಹದಿನೈದು ದಿನಕ್ಕೊಮ್ಮೆ, ಭಾನುವಾರ. ಮುಂಚೆ? ಮಂಗಳವಾರ, ಶುಕ್ರವಾರ. ಯಾಕೆ ಬಿಟ್ಟಿರಿ? ಕೈ ಮೇಲೆತ್ತಿ ತಲೆ ತಿಕ್ಕಿಕೊಂಡರೆ ಒಂದು ತಾಸು ಒದ್ದೆ ಕೂದಲಲ್ಲೇ ಮಲಗಬೇಕು. ಬಚ್ಚಲಲ್ಲಿ ಮಣೆಯ ಬದಲು ಪ್ಲಾಸ್ಟಿಕ್ ಸ್ಟೂಲು ಬಂದಿದೆ. ಸೊನ್ನೆ ಹೋಗಿ 2 ಬಂತು. ನಮ್ಮ ಹೆಂಗಸರ ಹತ್ತಿರ 'ಆಗುತ್ತಾ' ಎಂದು ಕೇಳಿದರೆ 'ಆಗ್ತೈತಿ' ಅನ್ನುತ್ತಾರೆ, ಏಕೆಂದರೆ ಮಾಡಲೇಬೇಕಾದ ಕೆಲಸ ಆಗಿಯೇ ಆಗುತ್ತದೆ. ಹೇಗೆ ಮಾಡುತ್ತೀರಿ, ಎಷ್ಟು ದಿನಕ್ಕೊಮ್ಮೆ, ಮರುದಿನ ಏನು ಎಂಬುದನ್ನು ಅಚ್ಚಾದ ಪ್ರಶ್ನಾವಳಿ ಇಷ್ಟು ಬಿಡಿಸಿ ಕೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಹೂಡಾಸ್ ಎಂಬ, ದಿನನಿತ್ಯದ ಬದುಕಿನ ತೊಂದರೆ ಅಳೆಯುವ ಹನ್ನೆರಡು ಪ್ರಶ್ನೆಗಳ ಮಾಪನದ ಕೊನೆಯಲ್ಲಿ ದಿನಗಳ ಲೆಕ್ಕವಿದೆ: ಕಳೆದ 30 ದಿನದಲ್ಲಿ ಎಷ್ಟು ದಿನ ಏನೂ ಮಾಡಲಾಗಲಿಲ್ಲ, ಎಷ್ಟು ದಿನ ಕೆಲಸ ಕಡಿಮೆ ಮಾಡಿದಿರಿ. ಶೈಲಾ ಉತ್ತರ 7 ಮತ್ತು 13. ಮುಖ್ಯೋಪಾಧ್ಯಾಯರಿಗೆ ಅರ್ಥವಾದದ್ದು ಈ ಎರಡು ಅಂಕಿಗಳೇ.

ಕೊಟ್ಟ ಸಲಹೆಗೆ ಬರುತ್ತೇನೆ. ಬೆಳಗಿನ ನಡಿಗೆ ನಿಲ್ಲಿಸಿದೆ, ನನ್ನ ತಪ್ಪು ಎಂದೂ ಹೇಳಿದೆ. ಅಡುಗೆಮನೆಯ ಗೋಡೆಯಲ್ಲಿ ಅತ್ತೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇತ್ತು. ಅದೇ ಚೌಕದಲ್ಲಿ, ಅರ್ಧ ಲೀಟರ್, ಒಂದು ಲೀಟರ್ ಪಕ್ಕದಲ್ಲಿ, ದಿನಕ್ಕೊಂದು ಅಂಕಿ: ಸಂಜೆಯ ದಣಿವು ಹತ್ತಕ್ಕೆ ಎಷ್ಟು. ಜೊತೆಗೆ ಆ ದಿನದ ದೊಡ್ಡ ಕೆಲಸ ಒಂದು ಪದದಲ್ಲಿ. ಮೂರು ವಾರದಲ್ಲಿ ಗೆರೆ ಎದ್ದು ಕಂಡಿತು. ಸೋಮವಾರ ಐದು ಪೀರಿಯಡ್, ಬುಧವಾರ 9. ಭಾನುವಾರ ಅಳಿಯ, ಮಗಳು ಬಂದರೆಂದು ಹದಿನೆಂಟು ರೊಟ್ಟಿ ಬಡಿದರು, ಮಂಗಳವಾರ 10. ಪೆಟ್ಟು ಒಂದೆರಡು ದಿನ ತಡವಾಗಿ ಬೀಳುತ್ತಿತ್ತು.

ಗಂಡನ ದೂರೂ ಇದರಿಂದಲೇ ಹುಟ್ಟಿದ್ದು. "ಮದುವಿ ಮನ್ಯಾಗ ನಕ್ಕೋತ ಓಡಾಡತಾಳ್ರೀ, ಮನಿಗೆ ಬಂದ್ರ ಹಾಸಿಗಿ" ಎಂದು ಮೊದಲ ದಿನವೇ ಅಂದಿದ್ದರು. ಮದುವೆ ಮನೆಯ ಎರಡನೆಯ ದಿನ ಕ್ಯಾಲೆಂಡರ್ ನೋಡಿ ಎಂದೆ.

ಶೈಲಾಗೆ ಹೇಳಿಕೊಟ್ಟದ್ದು ಮೂರು: ಕೆಲಸವನ್ನು ತುಂಡು ಮಾಡುವುದು, ಸುಸ್ತಾಗುವ ಮುಂಚೆಯೇ ಮಲಗುವುದು, ಒಳ್ಳೆಯ ದಿನ ಬಂತೆಂದು ಬಾಕಿ ಕೆಲಸವನ್ನೆಲ್ಲ ಎಳೆದು ಹಾಕಿಕೊಳ್ಳದಿರುವುದು. ಕೊನೆಯದು ಎಲ್ಲಕ್ಕಿಂತ ಕಷ್ಟ. ನಾಡಿಯ ತೊಂದರೆಗೆ ನೀರು, ಉಪ್ಪು, ಬಿಗಿ ಕಾಲುಚೀಲ ಫಿಜಿಶಿಯನ್ ಹೇಳಿದಂತೆ. ಬಿಪಿ ಇರುವವರು ಇದನ್ನು ಓದಿ ಉಪ್ಪು ಹೆಚ್ಚಿಸಿಕೊಳ್ಳಬೇಡಿ. ಶಾಲೆಗೆ ವೈದ್ಯರ ಪತ್ರದ ಜೊತೆ ನನ್ನದೂ ಒಂದು ಪತ್ರ: ಕೂತು ಪಾಠ ಮಾಡಲು ಎತ್ತರದ ಕುರ್ಚಿ, ಸತತ ಎರಡಕ್ಕಿಂತ ಹೆಚ್ಚು ಪೀರಿಯಡ್ ಬೇಡ, ಬೋರ್ಡಿನ ಲೆಕ್ಕ ಮಕ್ಕಳೇ ಬರೆಯಲಿ. ಉಳಿದದ್ದಕ್ಕೆ ಪರಿವರ್ತಿತ ರಜೆ (ಅರ್ಧ ಸಂಬಳದ ರಜೆಯನ್ನು ಪೂರ್ಣ ಸಂಬಳದ ರಜೆಯಾಗಿ ಬದಲಿಸಿಕೊಳ್ಳುವುದು).

"ಪರ್ಸೆಂಟ್ ಎಷ್ಟು ಅಂತ ಬರದು ಕೊಡ್ರಿ ಮೇಡಂ, ಅಂಗವಿಕಲರ ಕಾರ್ಡ್ ಮಾಡಿಸ್ತೀನಿ" ಎಂದರು ಗಂಡ. ಇಲ್ಲ ಎನ್ನಬೇಕಾಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ 21 ಅಂಗವೈಕಲ್ಯಗಳಿವೆ, ದೀರ್ಘ ಕೋವಿಡ್ ಹೆಸರು ಅದರಲ್ಲಿಲ್ಲ. ಮೀಸಲಾತಿಯಂಥ ಸವಲತ್ತಿಗೆ ಬೇಕಾದ ಶೇ. 40 ವೈದ್ಯಕೀಯ ಮಂಡಳಿ ಅಳೆಯುವ ಶೇಕಡಾ, ನನ್ನ 15ರ 8ನ್ನು ತಿರುಗಿಸಿ ಶೇ. 53 ಎಂದು ಬರೆಯಲಾಗದು. ಅಮೆರಿಕದಲ್ಲಿ 2021ರ ಜುಲೈನಲ್ಲೇ ದೀರ್ಘ ಕೋವಿಡ್ ಕೂಡ ಅಂಗವೈಕಲ್ಯ ಆಗಬಹುದು ಎಂದು ಸರ್ಕಾರವೇ ಸ್ಪಷ್ಟಪಡಿಸಿತ್ತು. ಅದನ್ನು ಹೇಳಿದ್ದರಿಂದ ಅವರಿಗೇನೂ ಉಪಯೋಗವಾಗಲಿಲ್ಲ, ಸಿಟ್ಟು ಬಂತು.

ಆಗಸ್ಟಿನಲ್ಲಿ ಮತ್ತೆ ಅಳೆದಾಗ 8 ಇದ್ದದ್ದು 5. ಏನೂ ಮಾಡಲಾಗದ ದಿನಗಳು 7ರಿಂದ 2ಕ್ಕೆ ಇಳಿದಿದ್ದವು. ಮಂಕು ಮಾತ್ರ ಹಾಗೇ ಇದೆ, ಹತ್ತನೆಯ ತರಗತಿಯ ತ್ರಿಕೋನಮಿತಿಯನ್ನು ಹಿಂದಿನ ರಾತ್ರಿ ಓದಿಕೊಂಡು ಹೋಗುತ್ತಾರೆ.

ಅವತ್ತು ಜೊತೆಗೆ ಬಂದವರು ಅತ್ತೆ. "ಕೊರೋನಾ ಹೋಗಿ ವರ್ಷಾತು, ಈಕಿದಿನ್ನೂ ಹೋಗಿಲ್ಲ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದವರು. ಚೀಲದಿಂದ ಕ್ಯಾಲೆಂಡರಿನ ಹಾಳೆ ತೆಗೆದು ಮೇಜಿನ ಮೇಲೆ ಹರವಿದರು. ಜೂನಿನ ಮಧ್ಯದಿಂದ ಅಂಕಿಗಳು ನಡುಗುವ ಅಕ್ಷರದಲ್ಲಿದ್ದವು, ನೀಲಿಯ ಬದಲು ಕೆಂಪು ಪೆನ್ನು.

"ಇವು ನಾ ಬರದದ್ದರಿ ಅಕ್ಕಾರ. ಈಕಿ ಸುಳ್ಳ ಬರೀತಿದ್ಲು. ಮಕ್ಕೊಂಡಕಿ ಏಳಾಕ ಆಗವಲ್ದು, ನಾಕು ಅಂತ ಬರೀತಾಳ."