ಟೊಮೇಟೊ ಜೊತೆ ಯಾವ ಗಿಡ ಅನ್ನೋದಕ್ಕಿಂತ ಯಾವಾಗ, ಎಷ್ಟು ದೂರ ಅನ್ನೋದು ಮುಖ್ಯ

ಟೊಮೇಟೊ ಮಡಿಯಲ್ಲೇ ಕಾಮಕಸ್ತೂರಿ, ಚೆಂಡು ಹೂ, ಕೊತ್ತಂಬರಿ, ಪುದೀನ ಎಲ್ಲ ನೆಟ್ಟಿದ್ದೀರಿ. ಈಗ ಕೆಳಗಿನ ಎಲೆಗಳು ಹಳದಿಯಾಗಿ ಕಂದು ಚುಕ್ಕೆ ಬಂದಿವೆ. ಇವುಗಳಲ್ಲಿ ಟೊಮೇಟೊಗೆ ಆಗದ ಗಿಡ ಯಾವುದು ಅಂತ ಕೇಳಿದ್ದೀರಿ. ಯಾವುದೂ ಅಲ್ಲ. ನಾನೂ ಇಂಥದೇ ಮಿತ್ರ ಗಿಡ, ಶತ್ರು ಗಿಡಗಳ ಪಟ್ಟಿ ಹಿಡಿದು ತೋಟ ಶುರು ಮಾಡಿದವನು, ಅದಕ್ಕೇ ಹೇಳ್ತೀನಿ: ಆ ಪಟ್ಟಿ ಪಕ್ಕಕ್ಕಿಡಿ. ಮಡಿ ಕೆಟ್ಟಿರುವುದು ಎಲ್ಲವನ್ನೂ ಒಂದೇ ದಿನ, ಒತ್ತೊತ್ತಾಗಿ ನೆಟ್ಟಿದ್ದರಿಂದ.

ಎಲೆಯ ಚುಕ್ಕೆಯನ್ನು ಹತ್ತಿರದಿಂದ ನೋಡಿ. ಒಂದರೊಳಗೊಂದು ಉಂಗುರ, ಸುತ್ತ ಹಳದಿ ಅಂಚು ಇದ್ದರೆ ಅದು ಅಂಗಮಾರಿ (ಅರ್ಲಿ ಬ್ಲೈಟ್) ಅನ್ನೋ ಎಲೆರೋಗ. ಇದರ ಶಿಲೀಂಧ್ರ ಮಣ್ಣಿನಲ್ಲಿ, ಹಳೇ ಗಿಡದ ಕಸದಲ್ಲಿ ಇರುತ್ತೆ. ನೀರು ಹಾಕುವಾಗ ಮಣ್ಣು ಸಿಡಿದು ಕೆಳಗಿನ ಎಲೆಗೆ ತಾಗುತ್ತೆ. ಆ ಎಲೆ ಬೇಗ ಒಣಗಿದರೆ ರೋಗ ಹಿಡಿಯುವುದು ಕಡಿಮೆ, ಗಂಟೆಗಟ್ಟಲೆ ಒದ್ದೆಯಾಗೇ ಇದ್ದರೆ ಬೀಜಕಣ ಮೊಳೆಯುತ್ತೆ. ಟೊಮೇಟೊ ಬುಡಕ್ಕೆ ಅಂಟಿಕೊಂಡು ಪೊದೆಯಾಗಿ ಬೆಳೆದ ಕಾಮಕಸ್ತೂರಿ ಅಲ್ಲಿ ಗಾಳಿಯಾಡದಂತೆ ಮಾಡುತ್ತೆ. ಕಾಮಕಸ್ತೂರಿ ಒಳ್ಳೆಯ ಜೊತೆಗಾರನೇ, ಆದರೆ ಒಂದು ಅಡಿ ದೂರದಲ್ಲಿ. ಟೊಮೇಟೊದಿಂದ ಟೊಮೇಟೊಗೆ 60 ಸೆಂ.ಮೀ. ಬಿಡಿ, ನಡುವೆ ಒಂದೇ ಒಂದು ಕಾಮಕಸ್ತೂರಿ, ಅದನ್ನೂ ತುದಿ ಚಿವುಟಿ ಕುಳ್ಳಗೇ ಇಟ್ಟುಕೊಳ್ಳಿ. ಬೇರಿನ ಪೈಪೋಟಿಯೂ ಇದೆ. ಟೊಮೇಟೊ ಬೇರು ಹರಡುವ ಮೊದಲ ಮೂರ್ನಾಲ್ಕು ವಾರ ಅದಕ್ಕೆ ಆ ಜಾಗ ಪೂರ್ತಿ ಬೇಕು. ಉಳಿದವು ಅದು ಬೇರೂರಿದ ಮೇಲೆ ಬರಲಿ.

ಚೆಂಡು ಹೂವಿನ ಬಗ್ಗೆ ಬಹಳ ಜನ ತಪ್ಪು ತಿಳಿದಿದ್ದಾರೆ. ಅದರ ಬೇರಿನಲ್ಲಿ ಬೇರುಗಂಟು ಜಂತುಹುಳುವನ್ನು (ಬೇರಿಗೆ ಹೊಕ್ಕು ಗಂಟು ಕಟ್ಟಿಸುವ ಮಣ್ಣಿನ ಸೂಕ್ಷ್ಮ ಹುಳು, ನೆಮಟೋಡ್) ಕೊಲ್ಲುವ ಆಲ್ಫಾ ಟರ್ಥಿಯೆನೈಲ್ ಅನ್ನೋ ರಾಸಾಯನಿಕ ಇರುವುದು ನಿಜ. ಆದರೆ ಟೊಮೇಟೊ ಪಕ್ಕ ಅಲ್ಲೊಂದು ಇಲ್ಲೊಂದು ನೆಟ್ಟರೆ ಏನೂ ಆಗಲ್ಲ. ಟೊಮೇಟೊ ನೆಡುವ ಮೊದಲೇ ಇಡೀ ಮಡಿಗೆ ಕುಳ್ಳ ಜಾತಿಯ ಫ್ರೆಂಚ್ ಚೆಂಡು ಹೂವನ್ನು 18 ಸೆಂ.ಮೀ.ಗಿಂತ ಕಡಿಮೆ ಅಂತರದಲ್ಲಿ ಹಾಕಿ, ಕನಿಷ್ಠ 2 ತಿಂಗಳು ಬೆಳೆಸಿ, ಆಮೇಲೆ ಮಣ್ಣಿಗೆ ಸೇರಿಸಬೇಕು. ನಡುವೆ ಕಳೆ ಬಿಡಬಾರದು, ಜಂತುಹುಳು ಕಳೆಯ ಬೇರಿನಲ್ಲೇ ಬದುಕಿಕೊಳ್ಳುತ್ತೆ.

ಟೊಮೇಟೊ ಕಾಯಿ ಕೊರೆಯುವ ಕಾಯಿಕೊರಕ ಹುಳುವನ್ನು ತಡೆಯಲು ಬೇಕಾದದ್ದು ಬೇರೆ ಚೆಂಡು ಹೂ, ಎತ್ತರದ ಆಫ್ರಿಕನ್ ಜಾತಿ. ಇಲ್ಲೂ ಸಮಯದ್ದೇ ಆಟ. 45 ದಿನದ ಚೆಂಡು ಹೂ ಸಸಿ, 25 ದಿನದ ಟೊಮೇಟೊ ಸಸಿ ಒಟ್ಟಿಗೆ ನೆಟ್ಟರೆ ಎರಡೂ ಒಂದೇ ಹೊತ್ತಿಗೆ ಹೂ ಬಿಡುತ್ತವೆ, ಆ ಹುಳುವಿನ ಪತಂಗ ಟೊಮೇಟೊ ಬಿಟ್ಟು ಚೆಂಡು ಹೂವಿನ ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತೆ. ಹೊಲದಲ್ಲಿ 16 ಸಾಲು ಟೊಮೇಟೊಗೆ 1 ಸಾಲು ಸಾಕು, ಸಣ್ಣ ಮಡಿಯಾದರೆ ಎರಡು ತುದಿಗೂ ಒಂದೊಂದು ಗಿಡ. ಮೊಗ್ಗು ಬಿಡಿಸಿ ನೋಡಿ ಹುಳು ಆರಿಸಿ ಕೊಲ್ಲಲೇಬೇಕು. ಆರಿಸದಿದ್ದರೆ ನೀವೇ ಹುಳುವಿಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ.

ಕೊತ್ತಂಬರಿಯನ್ನು ಸೊಪ್ಪಿಗಂತ ಕಿತ್ತುಬಿಟ್ಟರೆ ಟೊಮೇಟೊಗೆ ಲಾಭವಿಲ್ಲ, ಕೆಲಸ ಮಾಡುವುದು ಅದರ ಹೂ. ಕೊತ್ತಂಬರಿ, ಸಬ್ಬಸಿಗೆಯ ಹೂ ಪುಟ್ಟದು, ಮಕರಂದ ಮೇಲೇ ಇರುತ್ತೆ, ಗಿಡ್ಡ ಬಾಯಿಯ ಪರತಂತ್ರ ಕಣಜಗಳಿಗೆ (ಗಿಡಹೇನಿನಂಥ ಕೀಟದೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜ) ಅದೇ ಊಟ. ಮೂರು ವಾರಕ್ಕೊಮ್ಮೆ ಒಂದು ಹಿಡಿ ಬೀಜ ಮಡಿಯ ಅಂಚಿಗೆ ಬಿತ್ತಿ, ಒಂದಿಷ್ಟು ಹೂವಿಗೆ ಬಿಡಿ. ಕೆಲವು ವಾರಗಳ ಮೇಲೆ ಟೊಮೇಟೊ ಎಲೆಯ ಅಡಿ ನೋಡಿ: ಉಬ್ಬಿ, ಒಣಗಿ, ಬೆನ್ನಲ್ಲಿ ದುಂಡನೆ ತೂತಿರುವ ಗಿಡಹೇನು ಕಂಡರೆ ಅದರೊಳಗಿಂದ ಒಂದು ಕಣಜ ಹೊರಬಂದಿದೆ ಅಂತ ಅರ್ಥ. ಅಂಥವು ಕಂಡ ಮೇಲೆ ದಯವಿಟ್ಟು ಕೀಟನಾಶಕ ಹೊಡೆಯಬೇಡಿ.

ಬೀನ್ಸ್ ಹಾಕಿದರೆ ಪಕ್ಕದ ಗಿಡಕ್ಕೆ ಸಾರಜನಕ ಸಿಗುತ್ತಾ ಅಂತಲೂ ಕೇಳಿದ್ದೀರಿ. ಆ ಬೆಳೆ ನಿಂತಿರುವಾಗ ಹೆಚ್ಚೇನೂ ಸಿಗಲ್ಲ, ಹೆಚ್ಚಿನದು ಅದರ ಕಾಳಿಗೇ ಹೋಗುತ್ತೆ. ಕೊಯ್ಲಾದ ಮೇಲೆ ಬೇರು ಮಣ್ಣಲ್ಲೇ ಬಿಟ್ಟು, ಸೊಪ್ಪನ್ನೂ ಅಲ್ಲೇ ಹಾಕಿದರೆ ಮುಂದಿನ ಬೆಳೆಗೆ ಸಿಗುತ್ತೆ.

ಈಗಿರುವ ಮಡಿಗೆ: ಚುಕ್ಕೆ ಬಂದ ಎಲೆಗಳನ್ನೂ, ನೆಲದಿಂದ 30 ಸೆಂ.ಮೀ. ವರೆಗಿನ ಉಳಿದ ಎಲೆಗಳನ್ನೂ ಒಣ ಹವೆಯ ದಿನ ತೆಗೆದು ದೂರ ಹಾಕಿ. ಗಿಡ ಇನ್ನೂ ಗಿಡ್ಡಗಿದ್ದರೆ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ. ಬುಡದ ಕಾಮಕಸ್ತೂರಿಯನ್ನು ಕೀಳಬೇಡಿ, ಟೊಮೇಟೊ ಬೇರು ಹರಿಯುತ್ತೆ. ನೆಲಮಟ್ಟಕ್ಕೆ ಕತ್ತರಿಸಿ. ಬುಡಕ್ಕೆ 5 ಸೆಂ.ಮೀ. ಒಣ ಹುಲ್ಲು ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ನೀರು ಬೆಳಿಗ್ಗೆ, ಬುಡಕ್ಕೆ ಮಾತ್ರ. ಪುದೀನಕ್ಕೆ ಮಾತ್ರ ಕತ್ತರಿ ಸಾಲದು. ಅದರ ಬಳ್ಳಿಬೇರಿನ ಜಾಡು ಹಿಡಿದು ನಿಧಾನವಾಗಿ ಅಗೆದು ತೆಗೆದು ಕುಂಡಕ್ಕೆ ಹಾಕಿ, ಬೆರಳುದ್ದದ ತುಂಡು ಉಳಿದರೂ ಮತ್ತೆ ಚಿಗುರುತ್ತೆ.